ಕಾಲುವೆಯ ಮೇಲೊಂದು ಪಂದ್ಯ

ಕಾಸರಗೋಡಿನ ಕಡಲ ದಂಡೆಯಲ್ಲಿ ನಿಂತವನ ಕಣ್ಣು ನೀರಿಗಿಂತ 5 ಅಡಿ ಮೇಲಿದ್ದರೆ, ಬಾನಂಚು ಇರೋದು ಸುಮಾರು 4.4 ಕಿ.ಮೀ. ದೂರದಲ್ಲಿ. ಅದರಾಚೆ ಹೋದ ಹಡಗಿನ ಬುಡ ಮೊದಲು ಮರೆಯಾಗುತ್ತದೆ. ಭೂಮಿ ಗುಂಡಗಿದೆ ಅನ್ನೋದಕ್ಕೆ ಶಾಲೆಯಲ್ಲಿ ಮೇಷ್ಟ್ರು ಕೊಟ್ಟ ಸಾಕ್ಷಿ ಇದೇ ತಾನೆ?

ಇಂಗ್ಲೆಂಡಿನ ಸ್ಯಾಮ್ಯುಯೆಲ್ ರೌಬಾಥಮ್ ಇದನ್ನು ಒಪ್ಪಲಿಲ್ಲ. 1838ರಲ್ಲಿ ನೇರವಾದ ಬೆಡ್‌ಫರ್ಡ್ ಕಾಲುವೆಗಿಳಿದು, ನೀರಿಗಿಂತ ಬರೀ 8 ಅಂಗುಲ ಮೇಲೆ ದುರ್ಬೀನು ಹಿಡಿದ. ದೋಣಿ 6 ಮೈಲಿ ಹೋದರೂ ಬಾವುಟ ಕಾಣ್ತಾನೇ ಇತ್ತಂತೆ. ಭೂಮಿ ಚಪ್ಪಟೆ ಅಂದುಬಿಟ್ಟ!

ಈ ವಾದ ನಂಬಿದ ಜಾನ್ ಹ್ಯಾಂಪ್ಡೆನ್ 1870ರಲ್ಲಿ 500 ಪೌಂಡ್ ಪಂದ್ಯ ಒಡ್ಡಿದ. ಒಪ್ಪಿದವನು ಪ್ರಕೃತಿ ವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್. ಹರೆಯದಲ್ಲಿ ಜಮೀನು ಅಳೆದವನು. ಕುಳಿರು ನೀರಿಗೆ ತಾಗಿದ ಗಾಳಿ ಬೆಳಕನ್ನು ಬಗ್ಗಿಸುತ್ತೆ ಅಂತ ಬಲ್ಲವನು. ಅದಕ್ಕೇ ನೋಟದ ಗೆರೆಯನ್ನು ಸುಮಾರು 13 ಅಡಿಗೆ ಏರಿಸಿದ. ಎರಡು ತುದಿಯ ಸೇತುವೆಗಳಲ್ಲೂ ಅದೇ ಎತ್ತರ, ನಡುವೆ ನೆಟ್ಟ ಕಂಬದ ಮೇಲಿನ ಗುರುತಿಗೂ ಅದೇ.

ಲೆಕ್ಕ ಕಷ್ಟದ್ದಲ್ಲ. ಮೈಲಿಯನ್ನು ಮೈಲಿಯಿಂದಲೇ ಗುಣಿಸಿ 8 ಅಂಗುಲದಿಂದ ಗುಣಿಸಿ. ನಡುಗಂಬಕ್ಕೆ 3 ಮೈಲಿ: 72 ಅಂಗುಲ, ಅಂದರೆ 6 ಅಡಿ ಉಬ್ಬು. ಬೆಳಕು ಬಗ್ಗುವುದರಿಂದ ಅದರಲ್ಲಿ ಸ್ವಲ್ಪ ಕಡಿಮೆ ಕಾಣುತ್ತೆ, ಅಷ್ಟೆ. ದುರ್ಬೀನಿನಲ್ಲಿ ನಡುವಿನ ಗುರುತು ತುದಿಯ ಗುರುತಿಗಿಂತ ಮೇಲೆದ್ದೇ ಕಂಡಿತು.

ತೀರ್ಪುಗಾರ ದುಡ್ಡನ್ನು ವಾಲೇಸ್‌ಗೆ ಕೊಟ್ಟ. ಹ್ಯಾಂಪ್ಡೆನ್ ವರ್ಷಗಟ್ಟಲೆ ಬೈದು ಬರೆದು, ಮಾನನಷ್ಟದ ಕೇಸಿನಲ್ಲಿ ಜೈಲನ್ನೂ ಕಂಡ. ಆದರೆ ಪಂದ್ಯದ ಹಣಕ್ಕೆ ಕಾನೂನಿನ ಬಲವಿಲ್ಲ ಅಂತ ಕೋರ್ಟು ಹೇಳಿತು. ಗೆದ್ದ ವಾಲೇಸ್ ಹಣ ವಾಪಸು ಕೊಟ್ಟ. ವಕೀಲರ ಖರ್ಚು ಬೇರೆ ತಲೆಮೇಲೆ ಬಂತು.