ವೃದ್ಧರ ಮತಾಧಿಕಾರ

ವೃದ್ಧರಿಗೆ ಮತಾಧಿಕಾರವು ಉಳಿಯಬೇಕೆ ಎಂಬ ವಿಚಾರದಲ್ಲಿ, ಉಳಿಯಬಾರದೆನ್ನುವವರು ತಮಿಳುನಾಡಿನ ಉತ್ತರಮೇರೂರಿನ ಚೋಳಶಾಸನವನ್ನು ಆಧಾರವಾಗಿ ಹಿಡಿಯಬಹುದು. ಹತ್ತನೆಯ ಶತಮಾನದ ಆ ಶಾಸನವು 35ಕ್ಕೆ ಮೇಲ್ಪಟ್ಟು 70ಕ್ಕೆ ಒಳಪಟ್ಟವರನ್ನೇ ಅರ್ಹರೆಂದು ವಿಧಿಸಿರುವುದಷ್ಟೆ. ಆದರೆ ಆ ಮಿತಿಯು ಕೆರೆ ತೋಟ ಮೊದಲಾದವನ್ನು ನೋಡಿಕೊಳ್ಳುವ ಸಮಿತಿಗಳಿಗೆ ಆರಿಸಲ್ಪಡುವವರಿಗೆ ಸಂಬಂಧಿಸಿದುದು. ಅಧಿಕಾರವನ್ನು ವಹಿಸುವುದು ಬೇರೆ, ಅಭಿಮತವನ್ನು ಸೂಚಿಸುವುದು ಬೇರೆ. ಮತಶಬ್ದವು ‘ಮನ್’ ಧಾತುವಿನಿಂದ ಬಂದುದೇ ಹೊರತು ನಡಿಗೆಯನ್ನು ಹೇಳುವ ಧಾತುವಿನಿಂದಲ್ಲ!

ಭಾರತ ಸಂವಿಧಾನದ 326ನೆಯ ವಿಧಿಯು ಕನಿಷ್ಠ ವಯಸ್ಸನ್ನು ಮಾತ್ರ ಹೇಳುತ್ತದೆ. ಮೊದಲು 21 ಇದ್ದ ಅದು 1989ರಿಂದ 18 ಆಗಿರುವುದು. ಗರಿಷ್ಠವೆಂಬುದಿಲ್ಲ. ಬುದ್ಧಿಸ್ವಾಸ್ಥ್ಯವಿಲ್ಲದವರು ಅನರ್ಹರು ನಿಜ; ಅದನ್ನು ನ್ಯಾಯಾಲಯವು ನಿರ್ಣಯಿಸಬೇಕು, ಕೇವಲ ಮುಪ್ಪು ಅದಕ್ಕೆ ಪ್ರಮಾಣವಾಗದು.

ವೃದ್ಧರ ಹಕ್ಕಿಗೆ ನಿಜವಾದ ಹಾನಿಯು ಬೇರೊಂದು ದಾರಿಯಿಂದ ಬರುತ್ತದೆ. 2023ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ 80 ಮೀರಿದವರು 12ಡಿ ನಮೂನೆಯಲ್ಲಿ ಕೋರಿದರೆ ಅಧಿಕಾರಿಗಳೇ ಮನೆಗೆ ಬಂದು ಗೋಪ್ಯವಾಗಿ ಮತವನ್ನು ಪಡೆಯುವ ಏರ್ಪಾಡಿದ್ದಿತು. 2024ರ ಮಾರ್ಚಿಯಲ್ಲಿ ಆ ಮಿತಿಯು 85ಕ್ಕೆ ಏರಿತು. ಕುಣಿಗಲ್ ತಾಲ್ಲೂಕಿನ ಅಮೃತೂರಿನಲ್ಲಿ 82ರ ವೃದ್ಧೆಯೊಬ್ಬರು ಮನೆಯಲ್ಲೇ ಮತವಿತ್ತಿದ್ದರೆನ್ನೋಣ. ಮರುವರ್ಷ ಏಪ್ರಿಲ್ 26ರ ಲೋಕಸಭಾ ಚುನಾವಣೆಗೆ ಅವರೇ, ವಯಸ್ಸು ಇನ್ನಷ್ಟು ಏರಿದ್ದಾಗ್ಯೂ, ಶೇಕಡಾ 40ರ ಅಂಗವೈಕಲ್ಯದ ಪ್ರಮಾಣಪತ್ರವಿಲ್ಲದಿದ್ದರೆ ಮತಗಟ್ಟೆಯವರೆಗೆ ಹೋಗಬೇಕಾಯಿತು.