ಕಣ್ಣಿಗೆ ಕಾಣದ ಬೀಗದ ಕೈ

ಬೀಗದ ಕೈಯನ್ನು ಜೇಬಿನಿಂದ ತೆಗೆಯದೆಯೇ ಕಾರಿನ ಬಾಗಿಲನ್ನು ತೆರೆದು, ಗುಂಡಿಯೊಂದನ್ನು ಒತ್ತಿ ಹೊರಟುಬಿಡುವುದು ಈಗ ಸಾಮಾನ್ಯವಾದ ನೋಟ. ಜೇಬಿನಲ್ಲಿರುವ ಪುಟ್ಟ ಸಾಧನಕ್ಕೂ ಕಾರಿಗೂ ನಡುವೆ ತಂತಿಯಿಲ್ಲ. ಮಾತುಕತೆಯೆಲ್ಲವೂ ವಿದ್ಯುತ್ಕಾಂತ ತರಂಗಗಳ ಮೂಲಕ. ಈ ಸೌಕರ್ಯದ ಹಿಂದೆ ಅಡಗಿರುವ ಅಪಾಯವಾವುದು? ಭೌತವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸೋಣ.

ನಾವು ಬಾಗಿಲ ಹಿಡಿಯನ್ನು ಮುಟ್ಟಿದೊಡನೆ ಕಾರು ಸುಮಾರು 125 ಕಿಲೊಹರ್ಟ್ಸ್ ಆವರ್ತಾಂಕದ ಸಂಜ್ಞೆಯಿಂದ ಒಂದು ಪ್ರಶ್ನೆಯನ್ನು ಕೇಳುತ್ತದೆ. ಕ್ಷೀಣವಾದ ಈ ಸಂಜ್ಞೆ ಒಂದೆರಡು ಮೀಟರುಗಳಾಚೆಗೆ ತಲುಪಲಾರದು. ಜೇಬಿನ ಸಾಧನವು ತನ್ನಲ್ಲಿರುವ ಗುಪ್ತಸಂಖ್ಯೆಯ ನೆರವಿನಿಂದ ಉತ್ತರವನ್ನು ಗಣಿಸಿ, ಇನ್ನೂ ಹೆಚ್ಚಿನ ಆವರ್ತಾಂಕದಲ್ಲಿ ಹಿಂದಕ್ಕೆ ಕಳುಹಿಸುತ್ತದೆ. ಪ್ರಶ್ನೆಯು ಪ್ರತಿಸಲವೂ ಬೇರೆಯಾದುದರಿಂದ, ನಿನ್ನೆಯ ಉತ್ತರವನ್ನು ಕದ್ದು ಕೇಳಿದವನಿಗೆ ಇಂದು ಅದರಿಂದ ಪ್ರಯೋಜನವಿಲ್ಲ.

ಉತ್ತರ ಬಂದಿತೆಂದರೆ ಸಾಧನವು ಹತ್ತಿರದಲ್ಲಿಯೇ ಇದೆಯೆಂದು ಕಾರು ಭಾವಿಸುತ್ತದೆ. ದೋಷವಿರುವುದು ಈ ಊಹೆಯಲ್ಲಿಯೇ. ಒಬ್ಬ ಕಳ್ಳನು ಕಾರಿನ ಪಕ್ಕದಲ್ಲಿಯೂ ಮತ್ತೊಬ್ಬನು ಮನೆಯ ಗೋಡೆಯ ಬಳಿಯಲ್ಲಿಯೂ ನಿಂತು, ಕಾರಿನ ಪ್ರಶ್ನೆಯನ್ನು ವರ್ಧಿಸಿ ಒಳಗಿನ ಸಾಧನಕ್ಕೆ ಮುಟ್ಟಿಸಿದರೆ ಅದು ಪ್ರಾಮಾಣಿಕವಾಗಿ ಉತ್ತರ ಕೊಡುತ್ತದೆ, ಬಾಗಿಲು ತೆರೆಯುತ್ತದೆ. ಗೂಢಲಿಪಿಯನ್ನು ಭೇದಿಸುವ ಅಗತ್ಯವೇ ಇಲ್ಲ. ಪತ್ರವನ್ನು ಓದಲಾರದವನೂ ಅದನ್ನು ತಲುಪಿಸಬಲ್ಲನಷ್ಟೆ! 2011ರಲ್ಲಿ ಜ್ಯೂರಿಕ್‌ನ ಸಂಶೋಧಕರು 8 ಉತ್ಪಾದಕರ 10 ಮಾದರಿಯ ಕಾರುಗಳನ್ನು ಪರೀಕ್ಷಿಸಿ, ಹತ್ತೂ ಈ ಉಪಾಯಕ್ಕೆ ಮಣಿಯುವುವೆಂದು ತೋರಿಸಿದರು.

ಇದಕ್ಕೆ ಪರಿಹಾರವನ್ನು ಒದಗಿಸುವುದು ಬೆಳಕಿನ ವೇಗ. ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಾದ ನ್ಯಾನೊಸೆಕೆಂಡಿನಲ್ಲಿ ಬೆಳಕು ಸುಮಾರು 30 ಸೆಂಟಿಮೀಟರು ಚಲಿಸುತ್ತದೆ. ಸಾಧನವು 2 ಮೀಟರು ದೂರದಲ್ಲಿದ್ದರೆ ಸಂಜ್ಞೆ ಹೋಗಿಬರಲು ಸುಮಾರು 13 ನ್ಯಾನೊಸೆಕೆಂಡು ಸಾಕು. 30 ಮೀಟರಾದರೆ 200 ಬೇಕು. ಕಳ್ಳನು ಸಂಜ್ಞೆಯನ್ನು ಎಷ್ಟೇ ವರ್ಧಿಸಲಿ, ಬೆಳಕಿಗಿಂತ ವೇಗವಾಗಿ ಅದನ್ನು ಸಾಗಿಸಲಾರನು. ಆದುದರಿಂದ ಅತ್ಯಲ್ಪ ಕಾಲದ ಸ್ಪಂದಗಳಿಂದ ಈ ಅವಧಿಯನ್ನು ಅಳೆದು ನೋಡುವ ಏರ್ಪಾಡು ಕೆಲವು ಹೊಸ ಕಾರುಗಳಲ್ಲಿ ಬಂದಿದೆ.

ಅಪಾಯವು ಬಾಗಿಲಿನಲ್ಲಿಯೇ ಮುಗಿಯುವುದಿಲ್ಲ. 2015ರಲ್ಲಿ ಅಮೆರಿಕದ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಾಲಸೆಕ್ ಎಂಬವರು, ಪತ್ರಕರ್ತನೊಬ್ಬನು ಒಪ್ಪಿ ನಡೆಸುತ್ತಿದ್ದ ಜೀಪ್ ಚೆರೋಕಿಯನ್ನು ದೂರದ ಮನೆಯಲ್ಲಿ ಕುಳಿತು ಹೆದ್ದಾರಿಯಲ್ಲಿಯೇ ನಿಧಾನಗೊಳಿಸಿದರು. ಸಂಗೀತ ಕೇಳಿಸುವ ಉಪಕರಣವು ಮೊಬೈಲ್ ಜಾಲದ ಮೂಲಕ ಹೊರಜಗತ್ತಿಗೆ ತೆರೆದಿತ್ತು. ಅಲ್ಲಿಂದ ಕಾರಿನ ಒಳಜಾಲಕ್ಕೂ ದಾರಿಯಿತ್ತು. ಆ ಒಳಜಾಲದಲ್ಲಿ ಆಜ್ಞೆಯನ್ನು ಕಳುಹಿಸಿದವರಾರೆಂದು ವಿಚಾರಿಸುವ ಪದ್ಧತಿಯಿರಲಿಲ್ಲ. ಸುಮಾರು 14 ಲಕ್ಷ ವಾಹನಗಳನ್ನು ತಿದ್ದುಪಡಿಗಾಗಿ ಹಿಂದಕ್ಕೆ ಕರೆಯಬೇಕಾಯಿತು. ಮರುವರ್ಷ, ಕಾರ್ಖಾನೆಯಲ್ಲಿ ಇಟ್ಟ ಗುಪ್ತಪದವನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ ಮೊದಲಾದ ಗೃಹೋಪಕರಣಗಳನ್ನು ‘ಮಿರಾಯ್’ ಎಂಬ ದುಷ್ಟ ಕ್ರಮವಿಧಿಯು ವಶಪಡಿಸಿಕೊಂಡಿತು. ಅವುಗಳ ಏಕಕಾಲದ ದಾಳಿಯಿಂದ ಅಂತರ್ಜಾಲದ ಅನೇಕ ಪ್ರಸಿದ್ಧ ತಾಣಗಳು ಗಂಟೆಗಟ್ಟಲೆ ನಿಂತುಹೋದುವು.

ಹಾಗಾದರೆ ನಾವು ಮಾಡಬೇಕಾದುದೇನು? ಹೊಸ ಉಪಕರಣವನ್ನು ತಂದ ದಿನವೇ ಅದರ ಗುಪ್ತಪದವನ್ನು ಬದಲಿಸಬೇಕು. ತಯಾರಕರು ಕಳುಹಿಸುವ ತಿದ್ದುಪಡಿಗಳನ್ನು ಅಲಕ್ಷಿಸಕೂಡದು. ಕಾರಿನ ಸಾಧನವನ್ನು ಬಿಗಿಯಾದ ಮುಚ್ಚಳವುಳ್ಳ ಉಕ್ಕಿನ ಡಬ್ಬಿಯಲ್ಲಿಟ್ಟರೆ ತರಂಗಗಳಿಗೆ ತಡೆಯುಂಟಾಗುತ್ತದೆ. ಮನೆಯಲ್ಲಿ ಅಂತಹ ಕಾರಿರುವ ವಿದ್ಯಾರ್ಥಿಗಳು ಹಿರಿಯರ ಅನುಮತಿ ಪಡೆದು, ಡಬ್ಬಿಯೊಡನೆ ಕಾರಿನ ಬಳಿ ನಿಂತು ಪರೀಕ್ಷಿಸಬಹುದು. ಬಾಗಿಲು ತೆರೆಯದಿದ್ದರೆ ಡಬ್ಬಿ ಯೋಗ್ಯವಾದುದು. ತೆರೆದರೆ ಬೇರೆ ಡಬ್ಬಿಯನ್ನು ಹುಡುಕಬೇಕು.