ಸಿಂಗಪುರದಲ್ಲಿ ದಾನಕ್ಕೂ ಲೆಕ್ಕವುಂಟು

ಉದ್ಯೋಗಕ್ಕೆಂದು ಈ ದ್ವೀಪರಾಷ್ಟ್ರಕ್ಕೆ ಬರುವ ನಮ್ಮವರು ಮೊದಲ ಸಂಬಳದ ಚೀಟಿಯನ್ನು ಹಿಡಿದು ನನ್ನನ್ನು ಕೇಳುವುದುಂಟು: ‘ಸಿಂಡಾ’ ಎಂಬ ಈ ಕಡಿತ ಯಾವ ತೆರಿಗೆ?

ಅದು ತೆರಿಗೆಯಲ್ಲ, 1991ರಲ್ಲಿ ಸ್ಥಾಪನೆಯಾದ ಸಿಂಗಪುರ ಭಾರತೀಯ ಅಭಿವೃದ್ಧಿ ಸಂಘಕ್ಕೆ ಸಲ್ಲುವ ದೇಣಿಗೆ. ಸಂಬಳಕ್ಕನುಗುಣವಾಗಿ ತಿಂಗಳಿಗೆ 1ರಿಂದ 30 ಡಾಲರ್. ನಾಗರಿಕರು, ಕಾಯಂ ನಿವಾಸಿಗಳಷ್ಟೇ ಅಲ್ಲದೆ ಎಂಪ್ಲಾಯ್‌ಮೆಂಟ್ ಪಾಸ್ ಹೊಂದಿದ ಭಾರತೀಯರೂ ಇದನ್ನು ಕೊಡುತ್ತಾರೆ. ಹಣವು ಮಕ್ಕಳ ಮನೆಪಾಠಕ್ಕೆ, ಸಂಕಷ್ಟದಲ್ಲಿರುವ ಕುಟುಂಬಗಳ ನೆರವಿಗೆ ವಿನಿಯೋಗವಾಗುತ್ತದೆ. ಒಪ್ಪದವರು ಅರ್ಜಿ ಸಲ್ಲಿಸಿ ಹೊರಗುಳಿಯಬಹುದು.

ಕೊಡುವವರ ವಿಶ್ವಾಸ ಇಲ್ಲಿಯೂ ಒಮ್ಮೆ ಅಲುಗಾಡಿತ್ತು. ಮೂತ್ರಪಿಂಡ ರೋಗಿಗಳಿಗಾಗಿ ಜನರಿಂದ ಹಣ ಸಂಗ್ರಹಿಸುತ್ತಿದ್ದ ನ್ಯಾಷನಲ್ ಕಿಡ್ನಿ ಫೌಂಡೇಶನ್ನಿನ ಮುಖ್ಯಸ್ಥರ ವಾರ್ಷಿಕ ಸಂಭಾವನೆ ಸುಮಾರು 6 ಲಕ್ಷ ಡಾಲರೆಂಬುದು 2005ರಲ್ಲಿ ನ್ಯಾಯಾಲಯದಲ್ಲಿ ಬಯಲಾಯಿತು. ಅವರ ಕಚೇರಿಯ ಚಿನ್ನಲೇಪಿತ ನಲ್ಲಿಯ ಸುದ್ದಿ ಮನೆಮಾತಾಯಿತು. ಸಾವಿರಾರು ದಾನಿಗಳು ದೇಣಿಗೆ ನಿಲ್ಲಿಸಿದರು. ಮುಖ್ಯಸ್ಥರೂ ಆಡಳಿತ ಮಂಡಳಿಯೂ ಹುದ್ದೆ ತೊರೆಯಬೇಕಾಯಿತು. 2007ರಲ್ಲಿ ದತ್ತಿಸಂಸ್ಥೆಗಳಿಗೆ ಆಡಳಿತ ಸಂಹಿತೆ ಜಾರಿಗೆ ಬಂತು. ಇಂದು ಅವುಗಳ ಹಣಕಾಸಿನ ವಿವರಗಳನ್ನು ಸರ್ಕಾರದ ಚಾರಿಟಿ ಪೋರ್ಟಲ್‌ನಲ್ಲಿ ಹುಡುಕಿ ನೋಡಬಹುದು. ಮಾನ್ಯತೆ ಪಡೆದ ಸಂಸ್ಥೆಗೆ 100 ಡಾಲರ್ ಕೊಟ್ಟರೆ, ಸದ್ಯದ ನಿಯಮದಂತೆ, ತೆರಿಗೆಗೊಳಪಡುವ ಆದಾಯದಲ್ಲಿ 250 ಡಾಲರ್ ಕಳೆಯಲಾಗುತ್ತದೆ. ರಿಯಾಯಿತಿ ಇಷ್ಟು ಉದಾರವಾದ್ದರಿಂದಲೇ ತಪಾಸಣೆಯೂ ಬಿಗಿ.

ಹುಂಡಿಗೆ ಹಾಕಿದ ಕಾಣಿಕೆಯ ಲೆಕ್ಕ ಕೇಳುವ ರೂಢಿ ನಮ್ಮಲ್ಲಿಲ್ಲ. ಇಲ್ಲಿ ಕೇಳುವುದು ಅಪಚಾರವಲ್ಲ, ದಾನಿಯ ಹಕ್ಕು. ಬರಲಿರುವವರು ಸಿಂಡಾದಿಂದ ಹೊರಗುಳಿಯುವ ಮುನ್ನ ಅದರ ವಾರ್ಷಿಕ ವರದಿಯನ್ನೊಮ್ಮೆ ಓದಲಿ. ತಿಂಗಳಿಗೊಂದು ಊಟದ ಬೆಲೆಯಷ್ಟು ಹಣ ಯಾರ ಮನೆಯ ಮಗುವಿನ ಓದಿಗೆ ಸೇರುತ್ತಿದೆಯೆಂಬುದು ತಿಳಿದ ಮೇಲೆ ನಿರ್ಧರಿಸಲಿ.